ಮಿಷನಕ್ಕ ಮತ್ತು ಚೌಕ ಕಂಸ

ಮಿಷನಕ್ಕ ಮೊದಲ ಸಲ ಹೊಲಿಗೆ ಯಂತ್ರವೊಂದನ್ನು ಬಿಚ್ಚಿದ್ದು ಸಿಟ್ಟಿನಲ್ಲಿ. ಆಗ ಅವಳಿಗೆ ಇಪ್ಪತ್ತೆರಡು ವರ್ಷ. ಬಟ್ಟೆ ಕಾರ್ಖಾನೆಯಲ್ಲಿ ಅಂಗಿಯ ಕಾಲರು ಹೊಲಿಯುವ ಸಾಲಿನಲ್ಲಿ ಕೂರುತ್ತಿದ್ದಳು. ಒಂದು ದಿನ ಯಂತ್ರ ನಿಂತಿತು. ಈಗ ಬಂದೆ ಎಂದು ಹೋದ ಮೆಕ್ಯಾನಿಕ್ ಊಟದ ಗಂಟೆ ಹೊಡೆದರೂ ಪತ್ತೆಯಿಲ್ಲ. ಕೂತು ಕೂತು ಬೇಸತ್ತವಳು ಪಕ್ಕದವಳ ಕತ್ತರಿಯ ತುದಿಯಿಂದಲೇ ತಿರುಪು ಸಡಿಲಿಸಿ ತಳದ ಮುಚ್ಚಳ ತೆಗೆದಳು. ಒಳಗೆ ನೂಲಿನ ತುಂಡುಗಳು ಗೂಡು ಕಟ್ಟಿಕೊಂಡಿದ್ದವು. ಕಿತ್ತೆಸೆದಳು, ಯಂತ್ರ ಓಡಿತು. ಸಂಜೆ ಬಂದ ಮೆಕ್ಯಾನಿಕ್ "ಇದಕ್ಕೆ ಕೈ ಹಾಕಿದ್ದು ಯಾರು?" ಎಂದು ರೇಗಿದ. "ಕೈ ಇದ್ದೋರು," ಎಂದಳು. ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ. ಮರುತಿಂಗಳೇ ಅವರು ಅವಳನ್ನು ಸಾಲಿನಿಂದ ಎಬ್ಬಿಸಿ ಕೈಗೆ ಸ್ಪ್ಯಾನರು ಕೊಟ್ಟರು.

ಹದಿನೆಂಟು ವರ್ಷದ ಮೇಲೆ ಕಾರ್ಖಾನೆ ಬಾಗಿಲು ಹಾಕಿದಾಗ ಅವಳು ಅಳುತ್ತ ಕೂರಲಿಲ್ಲ. ದರ್ಜಿಗಳ ಬೀದಿಯಲ್ಲಿ, ಮೂರಂತಸ್ತಿನ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಒಂದು ಜಾಗ ಹಿಡಿದಳು. ಒಳಗಿನ ಮೂಲೆಯಲ್ಲಿ ನೆಟ್ಟಗೆ ನಿಂತರೆ ತಲೆಗೆ ಪೆಟ್ಟು ಗ್ಯಾರಂಟಿ. ಆದ್ದರಿಂದ ಬಂದವರಿಗೆಲ್ಲ ಅವಳ ಮೊದಲ ಮಾತು "ತಲೆ ಜೋಪಾನ", ಎರಡನೆಯ ಮಾತು "ಏನಾಗಿದೆ ಮಿಷನ್ನಿಗೆ?" ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವನಾದ ಕೋಟಿನ ದರ್ಜಿಯೂ ಅವಳನ್ನು ಮಿಷನಕ್ಕ ಎಂದೇ ಕರೆಯುತ್ತಿದ್ದ.

ಅವಳ ಗಂಡ ಅಂಚೆಯವನು. ಮೂವತ್ತು ವರ್ಷದಿಂದ ಒಂದೇ ಬಡಾವಣೆಗೆ ಕಾಗದ ಹಂಚುತ್ತಿದ್ದವನು. ಯಾವ ಮನೆಯ ನಾಯಿ ಬರೀ ಬೊಗಳುತ್ತದೆ, ಯಾವುದು ಕಚ್ಚಿಯೂ ಬಿಡುತ್ತದೆ ಎಂಬುದು ಅವನಿಗೆ ಬಾಯಿಪಾಠ. ಬ್ಲಾಗಿನ ಯೋಚನೆ ಹುಟ್ಟಿದ್ದು ಅವನ ತಲೆಯಲ್ಲೇ. ಅವಳಿಗೆ ದಿನಕ್ಕೆ ಇಪ್ಪತ್ತು ಫೋನು ಬರುತ್ತಿದ್ದವು. ಇಪ್ಪತ್ತರಲ್ಲಿ ಹದಿನೈದಕ್ಕೆ ಉತ್ತರ ಒಂದೇ.

"ಹೇಳಿದ್ದನ್ನೇ ಹೇಳಿ ಹೇಳಿ ನಿನ್ನ ಗಂಟಲು ಕಟ್ತಿದೆ ಕಣೇ. ಒಂದ್ಸಲ ಬರೆದು ಇಂಟರ್ನೆಟ್ಟಲ್ಲಿ ಹಾಕಿಬಿಡು. ಬೇಕಾದೋರು ಓದ್ಕೊಳ್ಳಲಿ," ಎಂದ.

"ನಾನೇನು ಬರೆಯೋಳಾ?"

"ಫೋನಲ್ಲಿ ಬೈಯೋದನ್ನೇ ಬರಿ."

ಹಾಗೇ ಬರೆದಳು. 'ನೂಲು ಯಾಕೆ ಪದೇಪದೇ ಹರಿಯುತ್ತದೆ' ಎಂಬುದು ಮೊದಲ ಪೋಸ್ಟು. 'ಸೂಜಿ ಮೊಂಡಾದರೆ ಟಕ್ ಟಕ್ ಎಂದು ಬಟ್ಟೆಯೇ ದೂರು ಹೇಳುತ್ತದೆ, ಸ್ವಲ್ಪ ಕಿವಿಗೊಡಿ' ಎಂಬಂಥ ಸಾಲುಗಳು ಅದರಲ್ಲಿದ್ದವು. ಹನ್ನೊಂದು ಜನ ಓದಿದರು. ಅವರಲ್ಲಿ ನಾಲ್ಕು ಸಲ ಓದಿದವನು ಗಂಡನೇ. "ಇಷ್ಟು ವರ್ಷ ಪೋಸ್ಟ್ ಹಂಚಿದ್ದು ನಾನು, ಈಗ ಪೋಸ್ಟ್ ಹಾಕೋಳು ನೀನು," ಎಂದು ಆ ವಾರವೆಲ್ಲ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದ.

ಆ ಖುಷಿಯಲ್ಲಿ ಒಂದು ಸಣ್ಣ ಮುಳ್ಳೂ ಸೇರಿತು. ಅವಳ ನಾದಿನಿ ನೀರು ಸರಬರಾಜು ಕಚೇರಿಯ ವೆಬ್‌ಸೈಟು ನೋಡಿಕೊಳ್ಳುತ್ತಿದ್ದವಳು. ಅಣ್ಣನ ಮನೆಗೆ ಊಟಕ್ಕೆ ಬಂದಾಗ ಬ್ಲಾಗನ್ನು ನೋಡಿ, "ಅತ್ತಿಗೆ, ಇದನ್ನೆಲ್ಲ ಯಾರು ಓದ್ತಾರೆ?" ಎಂದಳು. ಅವಳು ನಿಜಕ್ಕೂ ತಿಳಿದುಕೊಳ್ಳಲೆಂದೇ ಕೇಳಿದ್ದಳು. ಅದು ಅವಳ ಕಚೇರಿಯಲ್ಲಿ ದಿನವೂ ಕೇಳುವ ಪ್ರಶ್ನೆ. ಅತ್ತಿಗೆಯ ಕಿವಿಗೆ ಬಿದ್ದದ್ದು ಬೇರೆ. ಅಂದಿನಿಂದ ಇಬ್ಬರ ನಡುವೆ ಮಾತು ನಿಲ್ಲಲಿಲ್ಲ, ತೆಳ್ಳಗಾಯಿತು. 'ಊಟ ಆಯ್ತಾ', 'ಆರೋಗ್ಯವಾ' ಎಂಬಲ್ಲಿಗೆ ಮುಗಿಯುತ್ತಿತ್ತು. ಬ್ಲಾಗಿನ ಸುದ್ದಿಯನ್ನಂತೂ ಮಿಷನಕ್ಕ ಅಪ್ಪಿತಪ್ಪಿಯೂ ಎತ್ತುತ್ತಿರಲಿಲ್ಲ.

ಐದು ವರ್ಷದಲ್ಲಿ ನೂರ ಎಂಬತ್ತೇಳು ಪೋಸ್ಟುಗಳಾದವು. ಓದುವವರು ಸಾವಿರ ದಾಟಿದರು. ಪ್ರತಿ ಪೋಸ್ಟಿನ ಆರಂಭದಲ್ಲಿ ಹಳದಿ ಬಣ್ಣದ ಒಂದು ಎಚ್ಚರಿಕೆಯ ಪೆಟ್ಟಿಗೆ ಇರುತ್ತಿತ್ತು. ಅದರಲ್ಲಿ ನಾಲ್ಕು ಸಾಲು: ಪ್ಲಗ್ ಇದ್ದರೆ ಕಿತ್ತಿಡಿ. ಸೂಜಿ ತೆಗೆದಿಡಿ. ಬಿಚ್ಚಿದ ತಿರುಪುಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿಡಿ. ಕೊನೆಯಲ್ಲಿ ಕಾಣುವ ತೂತಿಗೆಲ್ಲ ಒಂದೊಂದು ಹನಿ ಎಣ್ಣೆ ಬಿಡಿ. ಹೊಸ ಪೋಸ್ಟು ಬರೆಯುವಾಗಲೆಲ್ಲ ಹಳೆಯದರಿಂದ ಈ ಪೆಟ್ಟಿಗೆಯನ್ನು ನಕಲು ಮಾಡಿ ಅಂಟಿಸುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು. ಅಂಟಿಸುವಾಗ ಅದನ್ನು ಓದುವುದನ್ನು ಬಿಟ್ಟು ಯಾವ ಕಾಲವಾಯಿತೋ.

ಒಂದು ಮಂಗಳವಾರ ಬೆಳಿಗ್ಗೆ, ಅಂಗಡಿ ತೆರೆದು ಕೂತವಳಿಗೆ ಒಂದು ಮೇಲ್ ಬಂತು. ಬರೆದವರು ದೂರದ ಊರಿನ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಮಕ್ಕಳ ಬೊಂಬೆಯಾಟಕ್ಕೆ ಬೊಂಬೆಗಳ ಉಡುಪು ಹೊಲಿಯುವುದು ಅವರ ಹವ್ಯಾಸ. ಬಹಳ ಮರ್ಯಾದೆಯ ಬರವಣಿಗೆ. 'ನಿಮ್ಮ ಪೆಟ್ಟಿಗೆಯಲ್ಲಿ ಹೇಳಿದಂತೆ ಕಾಣುವ ತೂತಿಗೆಲ್ಲ ಎಣ್ಣೆ ಬಿಟ್ಟೆ. ಮೋಟಾರಿನಲ್ಲಿಯೂ ಎರಡು ತೂತುಗಳಿದ್ದವು, ಅವಕ್ಕೂ ಬಿಟ್ಟೆ. ಪ್ಲಗ್ ಹಾಕಿ ಓಡಿಸಿದ ಕೂಡಲೇ ಹೊಗೆ ಬಂತು. ನಾನು ಎಲ್ಲಿ ತಪ್ಪಿದೆ ಎಂದು ದಯವಿಟ್ಟು ತಿಳಿಸಿ.'

ಮಿಷನಕ್ಕ ಪೋಸ್ಟು ತೆರೆದು ಪೆಟ್ಟಿಗೆಯ ಕೊನೆಯ ಸಾಲು ಓದಿದಳು. ತಪ್ಪಿದ್ದು ಮೇಷ್ಟ್ರಲ್ಲ, ಅವಳು. ಮೊದಲ ಪೋಸ್ಟು ಬರೆದಾಗ ಅವಳ ಕಣ್ಣ ಮುಂದಿದ್ದದ್ದು ಕೈಯಲ್ಲಿ ತಿರುಗಿಸುವ, ಕಾಲಲ್ಲಿ ತುಳಿಯುವ ಹಳೆಯ ಯಂತ್ರಗಳು. ಅವಕ್ಕೆ ಎಣ್ಣೆ ಎಷ್ಟು ಬಿಟ್ಟರೂ ಒಳ್ಳೆಯದೇ. ಮೋಟಾರಿಗೆ ಎಣ್ಣೆ ಬಿಡಬಾರದು ಎಂದು ಅಂಗಡಿಗೆ ಬಂದವರಿಗೆಲ್ಲ ಅವಳೇ ಹೇಳುತ್ತಿದ್ದಳು. ಆದರೆ ಪೆಟ್ಟಿಗೆ ಮಾತ್ರ ಕುರುಡಾಗಿ ಕರೆಂಟಿನ ಯಂತ್ರಗಳ ಪೋಸ್ಟುಗಳಿಗೂ ಹೋಗಿ ಕೂತಿತ್ತು. 'ನಾನು ಎಲ್ಲಿ ತಪ್ಪಿದೆ' ಎಂದು ಅವರು ಕೇಳಿದ್ದೇ ಅವಳಿಗೆ ಹೆಚ್ಚು ಚುಚ್ಚಿತು. ಬೈದು ಬರೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಕೂಡಲೇ ಉತ್ತರ ಬರೆದಳು: ತಪ್ಪು ನನ್ನದು, ಮೋಟಾರನ್ನು ಬಿಚ್ಚಿ ಪಾರ್ಸೆಲ್ ಮಾಡಿ ಕಳಿಸಿ, ಸರಿ ಮಾಡಿ ಕಳಿಸುವ ಹೊಣೆ ನನ್ನದು. ಆಮೇಲೆ ಪೋಸ್ಟುಗಳನ್ನು ಒಂದೊಂದಾಗಿ ತೆರೆದು ತಿದ್ದತೊಡಗಿದಳು. ಮೂರು ಮಧ್ಯಾಹ್ನ ಕಳೆದಾಗ ಮೂವತ್ತೊಂದು ಪೋಸ್ಟು ಮುಗಿದಿದ್ದವು. ಒಂದರಲ್ಲಿ ಪೆಟ್ಟಿಗೆ ಎರಡಾಗಿತ್ತು. ಕೆಳನೂಲು ಸುತ್ತುವ ಬಾಬಿನ್ ಕುರಿತ ಪೋಸ್ಟಿನ ಬಾಲವೇ ಮಾಯವಾಗಿತ್ತು. ಇನ್ನೊಂದರಲ್ಲಿ ಹೊಸ ಸಾಲಿನ ಕೆಳಗೆ ಹಳೆಯ ಸಾಲೂ ಉಳಿದು, 'ಮೋಟಾರಿಗೆ ಎಣ್ಣೆ ಬೇಡ, ಕಾಣುವ ತೂತಿಗೆಲ್ಲ ಎಣ್ಣೆ ಬಿಡಿ' ಎಂದು ಒಂದೇ ಉಸಿರಿಗೆ ಎರಡು ಮಾತಾಡುತ್ತಿತ್ತು.

"ನಿನ್ನ ನಾದಿನೀನ ಕೇಳೇ," ಎಂದ ಗಂಡ.

"ನಗ್ತಾಳೆ ರೀ."

"ನಗಲಿ ಬಿಡು. ನಕ್ಕೊಂಡೇ ಮಾಡಿಕೊಡ್ತಾಳೆ."

"ಬೇಡ ಅಂದ್ರೆ ಬೇಡ."

ಅವನು ಸುಮ್ಮನಾದ. ಅವನು ಸುಮ್ಮನಾದ ಎಂದರೆ ಏನೋ ಮಾಡುತ್ತಾನೆ ಎಂದೇ ಅರ್ಥ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತಟ್ಟಿದ ಸದ್ದಾಯಿತು. ನಾದಿನಿ ಲ್ಯಾಪ್‌ಟಾಪಿನ ಚೀಲ ಹೆಗಲಿಗೇರಿಸಿಕೊಂಡು ನಿಂತಿದ್ದಳು. ಗಂಡ ಆಗಲೇ ಅಡುಗೆಮನೆ ಸೇರಿ, ಎಂದೂ ಇಲ್ಲದ ಶ್ರದ್ಧೆಯಿಂದ ಪಾತ್ರೆ ತೊಳೆಯುತ್ತಿದ್ದ.

ನಾದಿನಿ ನಗಲಿಲ್ಲ. ಕೂತು, ಹತ್ತು ಪೋಸ್ಟು ತೆರೆದು ನೋಡಿ, ಕನ್ನಡಕ ಸರಿಮಾಡಿಕೊಂಡಳು.

"ಅತ್ತಿಗೆ, ಇದು ಪೆಟ್ಟಿಗೆ ಒಂದಲ್ಲ. ನೂರ ಎಂಬತ್ತೇಳು ಪೆಟ್ಟಿಗೆ."

"ಒಂದೇ ಥರ ಇದೆಯಲ್ಲ?"

"ಥರ ಒಂದೇ. ಆದ್ರೆ ಒಂದೊಂದೂ ಬೇರೆ ಬೇರೆ. ಒಂದನ್ನ ತಿದ್ದಿದ್ರೆ ಇನ್ನೊಂದಕ್ಕೆ ಗೊತ್ತಾಗಲ್ಲ. ಇದಕ್ಕೆ ಶಾರ್ಟ್‌ಕೋಡ್ ಅಂತ ಒಂದು ಉಪಾಯ ಇದೆ, ಮಾಡೋಣ."

"ಅದೇನು?"

"ಬ್ಲಾಗಿಗೆ ನೀವು ಹಾಕಿರೋ ಥೀಮ್ ಇದೆಯಲ್ಲ, ಬಣ್ಣ, ಅಕ್ಷರ, ಅಂಚು ಎಲ್ಲ ಅದರದ್ದು. ಅದರ ಒಂದು ಫೈಲಲ್ಲಿ ನಿಮ್ಮ ಪೆಟ್ಟಿಗೇನ ಒಂದೇ ಸಲ ಬರೆದಿಡ್ತೀವಿ. ಅದಕ್ಕೊಂದು ಹೆಸರು ಕೊಡ್ತೀವಿ. ಪೋಸ್ಟಲ್ಲಿ ಪೆಟ್ಟಿಗೆ ಬರೆಯೋದು ಬೇಡ, ಚೌಕ ಕಂಸದೊಳಗೆ ಅದರ ಹೆಸರು ಬರೆದ್ರೆ ಸಾಕು. ಯಾರಾದ್ರೂ ಪುಟ ತೆರೆದಾಗ ಆ ಜಾಗಕ್ಕೆ ಪೆಟ್ಟಿಗೆ ತಾನಾಗೇ ಬಂದು ಕೂರುತ್ತೆ."

"ತೆರೆದಾಗಲೆಲ್ಲಾನಾ?"

"ತೆರೆದಾಗಲೆಲ್ಲಾ. ಅದಕ್ಕೇ, ಆ ಫೈಲಲ್ಲಿ ಒಂದು ಅಕ್ಷರ ತಿದ್ದಿದ್ರೆ ಎಲ್ಲಾ ಪೋಸ್ಟಲ್ಲೂ ತಿದ್ದಿದ ಹಾಗೇ."

"ಕಂಸ ಬಂದ್ನಾ? ಮಕ್ಕಳನ್ನ ಒಳಗೆ ಕರ್ಕೊಳ್ಳಿ!" ಎಂದು ಅಡುಗೆಮನೆಯಿಂದ ಕೂಗು ಬಂತು.

"ನೀವು ಪಾತ್ರೆ ತೊಳೀರಿ," ಎಂದಳು ಮಿಷನಕ್ಕ. ಆದರೆ ಇಬ್ಬರಿಗೂ ನಗು ಬಂದಿತ್ತು. ಐದು ವರ್ಷದಲ್ಲಿ ಒಂದೇ ಮಾತಿಗೆ ಇಬ್ಬರೂ ಒಟ್ಟಿಗೆ ನಕ್ಕಿದ್ದು ಅದೇ ಮೊದಲು.

ನಾದಿನಿ ಮೊದಲು ಇಡೀ ಬ್ಲಾಗಿನ ಒಂದು ಪ್ರತಿ ತೆಗೆದಿಟ್ಟಳು. ಆಮೇಲೆ ಥೀಮಿಗೊಂದು ಮರಿ ಥೀಮ್ ಮಾಡಿದಳು. ತಾಯಿ ಥೀಮಿನ ಹೊಸ ಆವೃತ್ತಿ ಬಂದಾಗ ನಾವು ಬರೆದದ್ದು ಅಳಿಸಿಹೋಗದಿರಲಿ ಎಂದು. ಆಮೇಲೆ ಹನ್ನೆರಡು ಸಾಲಿನ ಕೋಡ್ ಬರೆದು, "ಹೆಸರೇನಿಡೋಣ?" ಎಂದಳು.

"ಎಚ್ಚರ."

"ಕನ್ನಡದಲ್ಲೇ ಇಡೋಣ್ವಾ?"

"ಮತ್ತೆ? ನಾನು ತಾನೇ ಅದನ್ನ ಕರೆಯೋಳು?"

[ಎಚ್ಚರ] ಎಂದು ಬರೆದು ಪುಟ ತೆರೆದರು. ಕಂಸವೂ ಇಲ್ಲ, ಹೆಸರೂ ಇಲ್ಲ; ಆ ಜಾಗದಲ್ಲಿ ಹಳದಿ ಪೆಟ್ಟಿಗೆ ನಾಲ್ಕು ಸಾಲಿನೊಂದಿಗೆ ಅಚ್ಚುಕಟ್ಟಾಗಿ ಕೂತಿತ್ತು. ಮಿಷನಕ್ಕ ಬೇರೆ ಪೋಸ್ಟಿನಲ್ಲೂ ಬರೆದು ನೋಡಿದಳು. ಅಲ್ಲೂ ಬಂತು. ನಾದಿನಿ ಬೆನ್ನು ನೇರ ಮಾಡಿಕೊಳ್ಳುವಷ್ಟರಲ್ಲಿ ಅತ್ತಿಗೆಯ ಹುಬ್ಬು ಗಂಟಿಕ್ಕಿತು.

"ತಾಳು. ಕೈ ಮಿಷನ್ನಿಗೆ ಎಣ್ಣೆ ಬೇಕು, ಮೋಟಾರಿಗೆ ಬೇಡ. ಎರಡಕ್ಕೂ ಒಂದೇ ಪೆಟ್ಟಿಗೆ ಅಂದ್ರೆ ಮತ್ತದೇ ತಪ್ಪಾಯ್ತಲ್ಲ?"

ನಾದಿನಿ ಅವಳ ಮುಖವನ್ನೇ ನೋಡಿದಳು. "ಸರಿಯಾಗಿ ಹಿಡಿದ್ರಿ. ಅದಕ್ಕೂ ದಾರಿ ಇದೆ. ಹೆಸರಿನ ಪಕ್ಕದಲ್ಲೇ ಯಾವ ಬಗೆ ಅಂತ ಹೇಳಬಹುದು." [ಎಚ್ಚರ ಬಗೆ="ಕೈ"] ಎಂದರೆ ಎಣ್ಣೆಯ ಸಾಲು, [ಎಚ್ಚರ ಬಗೆ="ಕರೆಂಟು"] ಎಂದರೆ ಮೋಟಾರಿಗೆ ಎಣ್ಣೆ ಬೇಡವೆಂಬ ಸಾಲು ಬರುವಂತೆ ಮಾಡಿದಳು. "ಬಗೆ ಬರೆಯೋದು ಮರೆತ್ರೆ ಏನು ತೋರಿಸಲಿ? ಕೈ ಮಿಷನ್ ಪೋಸ್ಟುಗಳೇ ಜಾಸ್ತಿ ಇವೆ, ಅದನ್ನೇ ಇಡ್ಲಾ?"

"ಬೇಡ. ನಾನು ಮರೆತಾಗ ಯಾರದ್ದೂ ಸುಡಬಾರದು. ಎಣ್ಣೆ ಕಮ್ಮಿಯಾದ್ರೆ ಮಿಷನ್ ಎರಡು ದಿನ ಕಿರ್ರೋ ಅನ್ನುತ್ತೆ, ಅಷ್ಟೇ. ಮರೆತ್ರೆ ಕರೆಂಟಿನದ್ದೇ ಬರಲಿ."

"ನಮ್ಮ ಆಫೀಸಲ್ಲಿ ಹತ್ತು ಜನ ಕೂತ್ಕೊಂಡು ಮೀಟಿಂಗ್ ಮಾಡ್ತೀವಿ ಅತ್ತಿಗೆ," ಎಂದಳು ನಾದಿನಿ ನಿಧಾನವಾಗಿ, "ಮರೆತ್ರೆ ಏನಾಗುತ್ತೆ ಅಂತ ಒಬ್ಬರೂ ಕೇಳಲ್ಲ."

ಸೋಮವಾರ ಅಂಗಡಿಯಲ್ಲಿ ಮಿಷನಕ್ಕನ ಕೈ ಸುಮ್ಮನಿರಲಿಲ್ಲ. ಯಾವ ಬಟ್ಟೆಗೆ ಎಷ್ಟನೇ ನಂಬರಿನ ಸೂಜಿ ಎಂಬ ಪಟ್ಟಿಯೂ ಅರವತ್ತು ಪೋಸ್ಟುಗಳಲ್ಲಿ ನಕಲಾಗಿತ್ತು. ಅದಕ್ಕೊಂದು ಶಾರ್ಟ್‌ಕೋಡನ್ನು ತಾನೇ ಮಾಡುತ್ತೇನೆಂದು ಹೊರಟಳು. ಇಂಟರ್ನೆಟ್ಟಿನಲ್ಲಿ ಹುಡುಕಿ, ನಾದಿನಿಯ ಕೋಡ್ ನೋಡಿ, ಎರಡು ಗಂಟೆ ಕೂತು ಬರೆದಳು. [ಸೂಜಿಪಟ್ಟಿ] ಎಂದು ಪೋಸ್ಟಿನ ನಡುವೆ ಹಾಕಿ ಪುಟ ತೆರೆದರೆ, ಪಟ್ಟಿ ಬಂದಿದ್ದೇನೋ ಹೌದು. ಆದರೆ ನಡುವೆ ಅಲ್ಲ. ಎಲ್ಲ ಸಾಲುಗಳಿಗಿಂತ ಮೇಲೆ, ತುತ್ತತುದಿಗೆ ಹೋಗಿ ಕೂತಿತ್ತು. ಕಂಸವನ್ನು ಕೆಳಗಿಳಿಸಿದಳು. ಪಟ್ಟಿ ಮೇಲೆಯೇ. ಪೋಸ್ಟಿನ ಕೊನೆಗೆ ಇಟ್ಟಳು. ಊಹೂಂ, ಜಪ್ಪಯ್ಯ ಎಂದರೂ ಇಳಿಯಲಿಲ್ಲ.

ನಾದಿನಿಗೆ ಫೋನು ಮಾಡಲು ಕೈ ಎತ್ತಿದವಳು ತಡೆದುಕೊಂಡಳು. ಕಾರ್ಖಾನೆಯಲ್ಲಿ ಕಾರಣ ಹೊಳೆಯದ ಯಂತ್ರ ಬಂದಾಗ ಅವಳು ಮಾಡುತ್ತಿದ್ದದ್ದು ಒಂದೇ: ಅದೇ ಮಾದರಿಯ, ಸರಿಯಾಗಿ ಓಡುವ ಯಂತ್ರವನ್ನು ಪಕ್ಕಕ್ಕೆ ತಂದಿಟ್ಟು ಒಂದೊಂದೇ ಭಾಗವನ್ನು ಹೋಲಿಸಿ ನೋಡುವುದು. ಎರಡು ಕೋಡುಗಳನ್ನೂ ಕಾಗದದ ಮೇಲೆ ಅಕ್ಕಪಕ್ಕ ಬರೆದುಕೊಂಡಳು. ಸಾಲು ಸಾಲಿಗೆ ಬೆರಳಿಟ್ಟು ಓದಿದಳು. ಏಳನೇ ಸಾಲಿನಲ್ಲಿ ಸಿಕ್ಕಿತು. ನಾದಿನಿ 'ರಿಟರ್ನ್' ಎಂದು ಬರೆದ ಕಡೆ ಇವಳು ಇನ್ನೆಲ್ಲೋ ನೋಡಿ 'ಎಕೋ' ಎಂದು ಬರೆದಿದ್ದಳು. ಎರಡರ ಅರ್ಥವನ್ನೂ ಹುಡುಕಿ ಓದಿದಳು. ಒಂದು, ಪಟ್ಟಿಯನ್ನು ಕೇಳಿದವರ ಕೈಗೆ ಒಪ್ಪಿಸುತ್ತದೆ; ಅವರು ಅದನ್ನು ಇಡಬೇಕಾದ ಜಾಗದಲ್ಲಿ ಇಡುತ್ತಾರೆ. ಇನ್ನೊಂದು, ಯಾರಿಗೂ ಕಾಯದೆ ತಾನೇ ಅಲ್ಲೇ ಕೂಗಿಬಿಡುತ್ತದೆ. ಪೋಸ್ಟು ಬರುವ ಮೊದಲೇ ಪಟ್ಟಿ ಬಂದುಬಿಡುತ್ತದೆ. ಪದ ಬದಲಿಸಿದಳು. ಪಟ್ಟಿ ಸರಕ್ಕನೆ ಇಳಿದು, ತನ್ನ ಜಾಗದಲ್ಲಿ ಕೂತಿತು.

ಅವಳು ಎದ್ದು ನಿಂತು ಕುಣಿದೇಬಿಟ್ಟಳು. ಒಳಮೂಲೆಯಲ್ಲಿ ನಿಂತಿದ್ದೇನೆಂಬುದು ತಲೆಗೆ ಪೆಟ್ಟು ಬಿದ್ದಾಗ ನೆನಪಾಯಿತು. ತಲೆ ಉಜ್ಜಿಕೊಳ್ಳುತ್ತಲೇ ನಾದಿನಿಗೆ ಫೋನು ಮಾಡಿ, "ಎಕೋ ಅಂತ ಬರೆದಿದ್ದೆ ಕಣೇ, ನಾನೇ ಕಂಡುಹಿಡಿದೆ!" ಎಂದಳು. ಆ ಕಡೆಯಿಂದ ಜೋರು ನಗು. "ಅತ್ತಿಗೆ, ಆ ತಪ್ಪಿನಲ್ಲಿ ನಾನು ಮೂರು ದಿನ ಒದ್ದಾಡಿದ್ದೆ. ನಿಮಗೆ ಎಷ್ಟು ಹೊತ್ತು ಹಿಡೀತು?"

"ಮುಕ್ಕಾಲು ಗಂಟೆ."

"ಯಾರ ಹತ್ರಾನೂ ಹೇಳಬೇಡಿ."

ಮುಂದಿನ ಭಾನುವಾರ ಹಳೆಯ ಪೆಟ್ಟಿಗೆಗಳನ್ನು ತೆಗೆಯುವ ಕೆಲಸ. ಅಕ್ಷರ ಬಿಡದೆ ಒಂದೇ ರೀತಿ ಇದ್ದ ನೂರ ನಲವತ್ತು ಪೆಟ್ಟಿಗೆಗಳನ್ನು 'ಹುಡುಕಿ ಬದಲಿಸು' ಎಂಬ ಸೌಕರ್ಯವೊಂದು ಒಂದೇ ಏಟಿಗೆ ಮುಗಿಸಿತು. ಎಲ್ಲ ಕಡೆಯೂ ಬರೀ [ಎಚ್ಚರ] ಕೂತಿತು; ಬಗೆಯನ್ನು ಆಮೇಲೆ ಒಂದೊಂದಾಗಿ ಸೇರಿಸಬೇಕಿತ್ತು. ಉಳಿದ ನಲವತ್ತೇಳರಲ್ಲಿ ಮಿಷನಕ್ಕ ಆಗಾಗ ಒಂದೊಂದು ಪದ ಸೇರಿಸಿದ್ದರಿಂದ, ಮೊನ್ನೆ ತಿದ್ದಿದ್ದರಿಂದ, ಅವನ್ನು ಕೈಯಲ್ಲೇ ಮಾಡಬೇಕಾಯಿತು. ಗಂಡ ಎಲ್ಲ ಪೋಸ್ಟುಗಳ ಪಟ್ಟಿ ಮುದ್ರಿಸಿ, ಅಂಚೆ ವಿಂಗಡಿಸುವಂತೆ ಕೈ ಮತ್ತು ಕಾಲಿನದು ಒಂದು, ಕರೆಂಟಿನದು ಇನ್ನೊಂದು ಎಂದು ಎರಡು ಗುಂಪು ಮಾಡಿ, ಮುಗಿದದ್ದಕ್ಕೆ ಮುದ್ರೆ ಒತ್ತುವ ಗತ್ತಿನಲ್ಲಿ ಗುರುತು ಹಾಕುತ್ತ ಕೂತ. ನಾದಿನಿ ಒಂದೊಂದು ಪೋಸ್ಟನ್ನೂ ತೆರೆದು ಓದುತ್ತಿದ್ದಳು. ಬಗೆ ಯಾವುದೆಂದು ನೋಡಲು ಅಷ್ಟೊಂದು ಓದಬೇಕಾಗಿರಲಿಲ್ಲ. ಇದ್ದಕ್ಕಿದ್ದಂತೆ ನಿಲ್ಲಿಸಿ, ಗಟ್ಟಿಯಾಗಿ ಓದತೊಡಗಿದಳು.

"'ನಮ್ಮ ಬಳಗದ ಒಬ್ಬರು ಬಲು ಬುದ್ಧಿವಂತರು. ಸೂಜಿಯನ್ನು ಹಿಂದುಮುಂದಾಗಿ ಸಿಕ್ಕಿಸಿ, ಮಿಷನ್ನೇ ಕೆಟ್ಟಿದೆಯೆಂದು ತೀರ್ಮಾನಿಸಿ, ಮೂರು ವರ್ಷ ಅದರ ಮೇಲೆ ಹೂಕುಂಡ ಇಟ್ಟಿದ್ದರು.' ಅತ್ತಿಗೆ, ಇದು ಯಾರು?"

ಅಂಚೆಯವನು ಪಟ್ಟಿಯೊಳಗೆ ಮುಖ ಹುದುಗಿಸಿದ.

"ಯಾರೋ," ಎಂದಳು ಮಿಷನಕ್ಕ.

"ಆ ಹೂಕುಂಡ ಈಗಲೂ ನಮ್ಮ ಮನೇಲೇ ಇದೆ."

ಆಮೇಲೆ ನಾದಿನಿಯ ಭುಜ ಕುಲುಕತೊಡಗಿತು. ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. "ಯಾರು ಓದ್ತಾರೆ ಅಂತ ಕೇಳಿದ್ದೆನಲ್ಲ ಅವತ್ತು? ನಾನೇ ಓದ್ಬೇಕಿತ್ತು. ಮೂರು ವರ್ಷ ಉಳೀತಿತ್ತು."

"ನಾನು ಅವತ್ತು ಅದನ್ನ ಬೇರೆ ಥರ ತಗೊಂಡೆ," ಎಂದಳು ಮಿಷನಕ್ಕ.

"ಗೊತ್ತಾಯ್ತು. ಐದು ವರ್ಷ ನನಗೆ ಬರೀ 'ಊಟ ಆಯ್ತಾ' ಅಂತಾನೇ ಕೇಳಿದ್ರಿ. ಮಧ್ಯಾಹ್ನ ಮೂರು ಗಂಟೆಗೂ, ಬೆಳಿಗ್ಗೆ ಎಂಟಕ್ಕೂ."

ಮೇಷ್ಟ್ರ ಮೋಟಾರು ಗುರುವಾರ ಬಂತು. ತಂದುಕೊಟ್ಟವನು ಗಂಡನೇ, ಅದು ಅವನ ಸರದಿಯ ಬೀದಿಯಲ್ಲದಿದ್ದರೂ ಸಹೋದ್ಯೋಗಿಯಿಂದ ಕೇಳಿ ಪಡೆದು ತಂದಿದ್ದ. ಒಳಗೆ ಎಣ್ಣೆ ಸುಟ್ಟು ಕಪ್ಪು ಅಂಟಾಗಿತ್ತು, ಸುರುಳಿಯ ತಂತಿ ಮಾತ್ರ ಪುಣ್ಯಕ್ಕೆ ಉಳಿದಿತ್ತು. ಮಿಷನಕ್ಕ ಸ್ಪಿರಿಟ್ಟಿನಲ್ಲಿ ಒರೆಸಿ, ಕಾರ್ಬನ್ ತುಂಡುಗಳನ್ನು ಹೊಸದು ಹಾಕಿ, ಒಂದು ಹಗಲು ಓಡಿಸಿ ನೋಡಿ ಕಳಿಸಿಕೊಟ್ಟಳು. ಅದೇ ದಿನ ನೂರ ಎಂಬತ್ತೆಂಟನೆಯ ಪೋಸ್ಟು ಬರೆದಳು. 'ಐದು ವರ್ಷ ನಾನು ನಿಮಗೆ ತಪ್ಪು ಹೇಳಿದ್ದೆ' ಎಂಬುದು ಅದರ ಮೊದಲ ಸಾಲು. ಅದನ್ನು ಓದಿದಷ್ಟು ಜನ ಅವಳ ಬೇರೆ ಯಾವ ಪೋಸ್ಟನ್ನೂ ಓದಿರಲಿಲ್ಲ. ಇಬ್ಬರು ಮೆಕ್ಯಾನಿಕರು ತಮ್ಮ ಬ್ಲಾಗಿನಲ್ಲೂ ಇದೇ ತಪ್ಪು ಇತ್ತೆಂದು ಒಪ್ಪಿಕೊಂಡು ಬರೆದರು. ಮೇಷ್ಟ್ರು ಕೆಂಪು ಮಖಮಲ್ಲಿನ ಅಂಗಿ ತೊಟ್ಟ ಪುಟ್ಟ ರಾಜನ ಬೊಂಬೆಯೊಂದನ್ನು ಕಳಿಸಿದರು. ಅದು ಈಗ ಅಂಗಡಿಯ ಎಣ್ಣೆ ಡಬ್ಬಿಯ ಪಕ್ಕದಲ್ಲಿದೆ.

ಆ ಚಳಿಗಾಲದಲ್ಲಿ ನಗರದ ಗ್ರಂಥಾಲಯದವರು ಬ್ಲಾಗು ಬರೆಯುವ ಸಾಮಾನ್ಯರಿಗೆಂದು ಒಂದು ಸಭೆ ಕರೆದರು. ನಾದಿನಿ ಕೇಳದೆಯೇ ಅತ್ತಿಗೆಯ ಹೆಸರು ಕೊಟ್ಟಿದ್ದಳು, ಅಣ್ಣನ ತಂಗಿಯಲ್ಲವೇ. ಕುರ್ಚಿಗಳಲ್ಲಿ ಮೂವತ್ತು ಜನ ಕೂತಿದ್ದರು: ಗುಲಾಬಿ ಗಿಡಗಳ ಬಗ್ಗೆ ಬರೆಯುವ ನಿವೃತ್ತ ರೈಲ್ವೆ ಗಾರ್ಡು, ಹಳೆಯ ರೇಡಿಯೋ ಕೂಡಿಡುವ ದಂತವೈದ್ಯೆ, ಇನ್ನೂ ಯಾರ್ಯಾರೋ. ಮಿಷನಕ್ಕ ಬರೆದು ತಂದಿದ್ದ ಚೀಟಿಯನ್ನು ಮತ್ತೆ ಮತ್ತೆ ಮಡಿಸಿ ಬಿಚ್ಚುತ್ತಿದ್ದಳು. ಶುರುಮಾಡಿದ ಮೇಲೆ ಚೀಟಿಯೇ ಮರೆತುಹೋಯಿತು. ಮರಿ ಥೀಮ್, ಕಂಸ, ಎಕೋ ಮಾಡಿದ ಅವಾಂತರ, ಮರೆತಾಗ ಯಾವುದು ಬರಬೇಕೆಂಬ ಪ್ರಶ್ನೆ, ಎಲ್ಲವನ್ನೂ ಅಂಗಡಿಗೆ ಬಂದವರಿಗೆ ಹೇಳುವಂತೆಯೇ ಹೇಳಿದಳು. ಎರಡು ಕಡೆ ಬೈದೂ ಬಿಟ್ಟಳು.

"ನೀವು ಇಂಜಿನಿಯರಾ?" ಎಂದು ದಂತವೈದ್ಯೆ ಕೇಳಿದರು.

"ಅಲ್ಲಮ್ಮಾ, ಮೆಕ್ಯಾನಿಕ್ಕು," ಎಂದಳು.

ಸಭೆ ಮುಗಿದ ಮೇಲೆ ರೈಲ್ವೆ ಗಾರ್ಡು ಅವಳ ಬಳಿ ಬಂದು, ಜೇಬಿನಿಂದ ಪೆನ್ನು ತೆಗೆದು ಫೋನ್ ನಂಬರು ಕೇಳಿದರು. ಗುಲಾಬಿಗೆ ಯಾವ ತಿಂಗಳು ಯಾವ ಗೊಬ್ಬರ ಎಂಬ ಪಟ್ಟಿಗೆ ಶಾರ್ಟ್‌ಕೋಡ್ ಬೇಕಿರಬಹುದು ಎಂದುಕೊಂಡು ಅವಳು ಬರೆದುಕೊಟ್ಟಳು.

"ಕೋಡ್ ನಾನು ಹೇಗೋ ಮಾಡ್ಕೋತೀನಿ," ಎಂದರು ಅವರು ದನಿ ತಗ್ಗಿಸಿ. "ನಮ್ಮ ಮನೆಯವಳ ಮಿಷನ್ ಹೊಲಿಗೆ ಬಿಟ್ಟು ಬಿಟ್ಟು ಹಾಕ್ತಿದೆ. ನಾಳೆ ತರಲಾ?"

"ಹತ್ತು ಗಂಟೆ ಮೇಲೆ ತನ್ನಿ," ಎಂದಳು ಮಿಷನಕ್ಕ. "ತರೋಕೆ ಮುಂಚೆ ಸೂಜಿ ಒಂದ್ಸಲ ತಿರುಗಿಸಿ ಹಾಕಿ ನೋಡಿ."